ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು

ಬೆಳಿಗ್ಗೆ ಹೋಟೆಲಿನಲ್ಲಿ "ಒಂದು ಸೆಟ್ಟು, ಒಂದು ಕಾಫಿ" ಎಂದರೆ ಸಾಕು, ಯಾವ ಸೆಟ್ಟು ಎಂದು ಮಾಣಿ ಕೇಳುವುದಿಲ್ಲ. ಅದೇ ಬೀದಿಯ ಆ ತುದಿಯಲ್ಲಿ ಮನೆ ಕಟ್ಟಿಸುವವರಿಗೆ ಮೇಸ್ತ್ರಿ "ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡಿ" ಎಂದು ಕೂಗುತ್ತಾನೆ. ಹೊಲ ಇರುವವರಿಗೆ ಪಂಪ್‌ಸೆಟ್ಟಿನ ಚಿಂತೆ. ಪತ್ರಿಕೆ ಬಿಡಿಸಿದರೆ ಸಿನಿಮಾ ಪುಟದಲ್ಲಿ ಹೊಸ ಚಿತ್ರವೊಂದು 'ಸೆಟ್ಟೇರಿದೆ'. ಇಂಗ್ಲಿಷ್ ಓದಲು ಬಾರದವರೂ ಈ ಪುಟ್ಟ ಪದವನ್ನು ಹತ್ತು ಬಗೆಯಲ್ಲಿ, ಒಂದೂ ತಪ್ಪದೆ ಆಡುತ್ತಾರೆ. ಅದೇ ಪದ ಇಂಗ್ಲಿಷ್ ಪುಸ್ತಕದಲ್ಲಿ ಎದುರಾದಾಗ ಓದಿದವರೂ ತಡವರಿಸುತ್ತಾರೆ.

ಪಿಯುಸಿ ಓದುವ ನನ್ನ ಅಕ್ಕನ ಮಗಳು ಒಂದು ಸಂಜೆ ದಪ್ಪ ನಿಘಂಟು ತಂದು ಮುಂದಿಟ್ಟಳು. "ಚಿಕ್ಕಮ್ಮ, ಇದೊಂದೇ ಪದಕ್ಕೆ ಪುಟಗಟ್ಟಲೆ ಅರ್ಥ ಇದೆ. ಎಲ್ಲಾ ಬಾಯಿಪಾಠ ಮಾಡ್ಬೇಕಾ?" ಬೇಡ ಎಂದೆ. ಯಾಕೆ ಬೇಡ ಎಂದು ವಿವರಿಸಲು ಕೂತಾಗ ಈ ಪದದ ಸುತ್ತ ಎಷ್ಟೊಂದು ತಪ್ಪು ತಿಳಿವಳಿಕೆ ಬೆಳೆದಿದೆ ಎಂಬುದು ಕಂಡಿತು. ವರ್ಷಗಟ್ಟಲೆ ಅನುವಾದ ಮಾಡಿಕೊಂಡು ಬಂದ ನನ್ನನ್ನು ಉದ್ದುದ್ದ ಪದಗಳು ಅಷ್ಟಾಗಿ ಕಾಡಿಲ್ಲ. ಅವಕ್ಕೆ ಒಂದೋ ಎರಡೋ ಅರ್ಥ, ನಿಘಂಟು ನೋಡಿದರೆ ಮುಗಿಯಿತು. ಸೆಟ್, ರನ್, ಪುಟ್, ಗೆಟ್‌ಗಳಂಥ ಚಿಕ್ಕ ಪದಗಳೇ ಕೈ ಹಿಡಿದು ನಿಲ್ಲಿಸುವುದು. ಅವುಗಳ ಪೈಕಿ ಸೆಟ್ ಬಗ್ಗೆ ನಾವು ನಂಬಿಕೊಂಡು ಬಂದಿರುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಸೆಟ್

ರಸಪ್ರಶ್ನೆ ಪುಸ್ತಕಗಳಲ್ಲಿ ಇದು ಇವತ್ತಿಗೂ ಸರಿಯುತ್ತರ. ಒಂದು ಕಾಲಕ್ಕೆ ನಿಜವೂ ಆಗಿತ್ತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದನೆಯ ನಮೂದು ಸೆಟ್ ಕ್ರಿಯಾಪದದ್ದು. 430 ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಒಂದು ಕಾದಂಬರಿ ಹಿಡಿಸುವಷ್ಟು ಜಾಗ. ಗಿನ್ನೆಸ್ ದಾಖಲೆ ಪುಸ್ತಕ ಇದನ್ನೇ ಎತ್ತಿಕೊಂಡಿತು, ಅಲ್ಲಿಂದ ರಸಪ್ರಶ್ನೆಗಳಿಗೆ ಇಳಿಯಿತು.

ಆದರೆ ಆ ನಿಘಂಟಿನ ಮೂರನೇ ಆವೃತ್ತಿಯ ಪರಿಷ್ಕರಣೆ ನಡೆಯುತ್ತಲೇ ಇದೆ. 2011ರಲ್ಲಿ ರನ್ ಪದದ ಸರದಿ ಮುಗಿದಾಗ ಅದರ ಕ್ರಿಯಾಪದಕ್ಕೇ 645 ಅರ್ಥಗಳಾದವು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರು. ರೈಲು, ಕಾರ್ಖಾನೆಯ ಯಂತ್ರ, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲವೂ 'ಓಡ'ತೊಡಗಿದ ಮೇಲೆ ಆ ಪದ ಮುಂದೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸಂಖ್ಯೆಗಳನ್ನು ಹಿಡಿದು ಯಾರು ಮೊದಲು, ಯಾರು ಎರಡನೆಯವರು ಎಂದು ಕೇಳುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಅರ್ಥಗಳು ಮರದ ಮೇಲಿನ ಕಾಯಿಗಳಂತೆ ಎಣಿಸಲು ಸಿಗುವುದಿಲ್ಲ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ಶುರುವಾಯಿತೆಂದು ಗೆರೆ ಎಳೆಯುವವರು ನಿಘಂಟುಕಾರರು. ನಮ್ಮ 'ಹೊಡೆ' ನೋಡಿ: ಗಂಟೆ ಹೊಡೆಯುತ್ತದೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಮುಖಕ್ಕೆ ಬಿಸಿಲು ಹೊಡೆಯುತ್ತದೆ. ಇವು ಐದು ಅರ್ಥವೋ, ಒಂದರ ಐದು ನೆರಳೋ? ಇಬ್ಬರು ಪಂಡಿತರನ್ನು ಕೇಳಿದರೆ ಎರಡು ಲೆಕ್ಕ ಸಿಗುತ್ತದೆ.

ತಪ್ಪು ಕಲ್ಪನೆ: ಈ ನೂರಾರು ಅರ್ಥಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ

ಕನ್ನಡ ಬಲ್ಲವರಿಗೆ ಇದರ ಬೀಗದ ಕೈ ಹುಟ್ಟಿನಿಂದಲೇ ಕೈಯಲ್ಲಿದೆ. ನಾವು 'ಕೂರು' ಎನ್ನುತ್ತೇವೆ, 'ಇಸು' ಸೇರಿಸಿ 'ಕೂರಿಸು' ಎನ್ನುತ್ತೇವೆ. ಉತ್ತರ ಕರ್ನಾಟಕದವರು 'ಕುಂದ್ರು', 'ಕುಂದ್ರಿಸು' ಎನ್ನುತ್ತಾರೆ. ಮಲಗು-ಮಲಗಿಸು, ಬೀಳು-ಬೀಳಿಸು, ಕುಡಿ-ಕುಡಿಸು. ತಾನೇ ಮಾಡುವುದು ಒಂದು, ಬೇರೆಯವರಿಂದ ಆಗಮಾಡುವುದು ಇನ್ನೊಂದು. ವ್ಯಾಕರಣ ಓದದ ಮಗುವೂ ಇದನ್ನು ತಪ್ಪುವುದಿಲ್ಲ.

ಇಂಗ್ಲಿಷಿನ ಪೂರ್ವಜ ಭಾಷೆಗೂ ಇಂಥದೇ ಒಂದು 'ಇಸು' ಇತ್ತು. ಪದದ ಕೊನೆಯಲ್ಲಿ ಯಕಾರದ ಧ್ವನಿಯೊಂದು ಸೇರಿಕೊಂಡು ಪ್ರೇರಣಾರ್ಥ ಕೊಡುತ್ತಿತ್ತು. ಆ ಧ್ವನಿ ತನ್ನ ಹಿಂದಿನ ಸ್ವರವನ್ನು ತನ್ನತ್ತ ಎಳೆದುಕೊಂಡಿತು, ಕಾಲಾಂತರದಲ್ಲಿ ತಾನು ಉದುರಿಹೋಯಿತು. ಉಳಿದದ್ದು ಸ್ವರದ ವ್ಯತ್ಯಾಸ ಮಾತ್ರ. ಹಳೆಯ ಇಂಗ್ಲಿಷಿನಲ್ಲಿ 'ಸಿಟ್ಟನ್' ಎಂದರೆ ಕೂರು, 'ಸೆಟ್ಟನ್' ಎಂದರೆ ಕೂರಿಸು. ಇಂದಿನ ಸಿಟ್ ಮತ್ತು ಸೆಟ್ ಅವೇ. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು. ಫಾಲ್ ಎಂದರೆ ಬೀಳು, ಮರ ಕಡಿದು ಕೆಡಹುವುದಕ್ಕೆ ಫೆಲ್. ಡ್ರಿಂಕ್ ಎಂದರೆ ಕುಡಿ; ಈಗ ತೊಯ್ದು ತೊಪ್ಪೆಯಾಗಿಸು ಎಂಬರ್ಥ ಕೊಡುವ ಡ್ರೆಂಚ್ ಮೊದಲಿಗೆ 'ಕುಡಿಸು' ಆಗಿತ್ತು. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಈ ಜೋಡಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆಸುವುದನ್ನು ನೋಡಿದಾಗಲೆಲ್ಲ ಮನಸ್ಸಿಗೆ ಕಷ್ಟವಾಗುತ್ತದೆ. ಅವರ ತಾಯ್ನುಡಿಯಲ್ಲೇ ಇರುವ ಉಪಾಯವನ್ನು ಯಾರೂ ತೋರಿಸಿಕೊಡುವುದಿಲ್ಲ.

ಕೂರಿಸು ಎಂಬ ಈ ಒಂದು ದೀಪ ಹಿಡಿದು ನಡೆದರೆ ಸೆಟ್‌ನ ಎಷ್ಟೋ ಕತ್ತಲೆ ಕೋಣೆಗಳು ಬೆಳಗುತ್ತವೆ. ಮುರಿದ ಮೂಳೆಯನ್ನು ವೈದ್ಯರು ಸೆಟ್ ಮಾಡುತ್ತಾರೆ. ನಾವೂ ಮೂಳೆ ಕೂರಿಸುತ್ತೇವೆ. ಇಂಗ್ಲಿಷ್ ಹಳ್ಳಿಯ ಹೆಂಗಸು ಕೋಳಿಯನ್ನು ಸೆಟ್ ಮಾಡುತ್ತಿದ್ದಳು. ನಮ್ಮಜ್ಜಿ ಹದಿಮೂರು ಮೊಟ್ಟೆ ಎಣಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದಳು. ಉಂಗುರದಲ್ಲಿ ಹರಳು ಸೆಟ್ ಮಾಡುವುದು ಹರಳು ಕೂರಿಸುವುದೇ.

ಕೂರಿಸು ಒಗ್ಗದ ಕಡೆ 'ಇಡು' ಬಂದು ನಿಲ್ಲುತ್ತದೆ. ಬೆಂಕಿ ಇಡುವುದು, ಅಲಾರಂ ಇಡುವುದು, ಇಲಿಗೆ ಬೋನು ಇಡುವುದು, ಹೊಸ ಊರಿಗೆ ಕಾಲಿಡುವುದು. ಈ ನಾಲ್ಕಕ್ಕೂ ಇಂಗ್ಲಿಷಿನವರು ಸೆಟ್ ಎನ್ನುತ್ತಾರೆ. ನಾಲ್ಕೂ ಕಡೆ ಎರಡು ಭಾಷೆಗಳು ಒಂದೇ ಹಾದಿ ಹಿಡಿದಿವೆ. ಇನ್ನು ಕೆಲವೆಡೆ ನಮ್ಮ ಮಾತು ಬೇರೆ ಕವಲಿಗೆ ಹೋಗುತ್ತದೆ: ಬೆಲೆ ಕಟ್ಟುತ್ತೇವೆ, ಹಾಡಿಗೆ ರಾಗ ಹಾಕುತ್ತೇವೆ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆವು. ಅವರು ಊಟದ ಮೇಜನ್ನು ಸೆಟ್ ಮಾಡಿದರೆ ನಾವು ಎಲೆ ಹಾಕುತ್ತೇವೆ. ಪ್ರತಿಯೊಂದರಲ್ಲೂ ಏನನ್ನೋ ಅದರ ತಕ್ಕ ಜಾಗದಲ್ಲಿ, ಅಲುಗದಂತೆ ನೆಲೆಗೊಳಿಸುವ ಕೆಲಸ ಇದ್ದೇ ಇದೆ.

ಹಾಗಾದರೆ ಸೂರ್ಯ? ಅವನನ್ನು ಯಾರು ಕೂರಿಸುತ್ತಾರೆ ಎಂದು ಅಕ್ಕನ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ 'ಸೆಟ್ಲ್‌ಗಾಂಗ್' ಎಂಬ ಪದವಿತ್ತು. ಸೆಟ್ಲ್ ಎಂದರೆ ಪೀಠ, ಗಾಂಗ್ ಎಂದರೆ ಹೋಗುವುದು. ಸೂರ್ಯ ದಿನವಿಡೀ ನಡೆದು ಸಂಜೆ ತನ್ನ ಪೀಠಕ್ಕೆ ಹೋಗುತ್ತಾನೆ. ನಮ್ಮಲ್ಲಿ ಹೊತ್ತು ಮುಳುಗುತ್ತದೆ, ಕಂತುತ್ತದೆ, ಅವರಲ್ಲಿ ಕೂರುತ್ತಿತ್ತು. ಕೆಲಸ, ಮನೆ, ಮದುವೆ ಆದವರನ್ನು ನಾವು 'ಸೆಟ್ಲ್ ಆದರು' ಎನ್ನುತ್ತೇವಲ್ಲ, ಆ ಪದ ಹುಟ್ಟಿದ್ದೂ ಇದೇ ಪೀಠದಿಂದ.

ತಪ್ಪು ಕಲ್ಪನೆ: ಸೆಟ್ ಒಂದೇ ಪದ

ಅಕ್ಷರ ಒಂದೇ, ಉಚ್ಚಾರ ಒಂದೇ. ಆದರೆ ಮೂಲದಲ್ಲಿ ಇವು ಎರಡು ಪದಗಳು. ಕೂರಿಸು ಎಂಬರ್ಥದ ಸೆಟ್ ಜರ್ಮನ್ ಬಳಗದ್ದು. ಗುಂಪು, ಜೊತೆ ಎಂಬರ್ಥದ ಸೆಟ್ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಸೆಕ್ಟ'ದಿಂದ ಬಂದದ್ದು. ಸೆಕ್ಟ ಎಂದರೆ ಹಿಂಬಾಲಿಸುವಿಕೆ, ಒಬ್ಬನ ಹಿಂದೆ ಹೋಗುವವರ ಗುಂಪು. ಪಂಥ ಎಂಬರ್ಥದ ಸೆಕ್ಟ್ ಇದರ ಒಡಹುಟ್ಟು. ಒಂದೇ ದನಿಯಾದ್ದರಿಂದ ಶತಮಾನಗಳ ಕಾಲ ಎರಡೂ ಒಂದರ ಮೇಲೊಂದು ಒರಗಿಕೊಂಡು ಬೆಳೆದಿವೆ. ಜೋಡಿಸಿ ಇಟ್ಟದ್ದೆಲ್ಲ ಒಂದು ಜೊತೆಯಾಗುವುದರಿಂದ ಈ ಬೆಸುಗೆ ಸುಲಭವಾಗಿಯೇ ಬಿತ್ತು.

ಎರಡನ್ನೂ ಒಂದೇ ಕಡೆ ನೋಡಬೇಕಿದ್ದರೆ ಚಿನ್ನದಂಗಡಿಗೆ ಹೋಗಬೇಕು. ಮದುವೆಗೆ ಒಡವೆ ಕೊಳ್ಳಲು ಬಂದವರು "ಸೆಟ್ ತೋರಿಸಿ" ಎನ್ನುತ್ತಾರೆ. ಕೆಂಪು ಮಖಮಲ್ಲಿನ ಪೆಟ್ಟಿಗೆ ತೆರೆದುಕೊಳ್ಳುತ್ತದೆ: ನಡುವೆ ಹಾರ, ಅದಕ್ಕೊಪ್ಪುವ ಓಲೆ, ಪಕ್ಕದಲ್ಲಿ ಉಂಗುರ. ಇದು ಲ್ಯಾಟಿನ್ನಿನಿಂದ ಬಂದ ಗುಂಪು. ಅಂಗಡಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಅಕ್ಕಸಾಲಿ ಕಣ್ಣಿಗೆ ಭೂತಗನ್ನಡಿ ಹಚ್ಚಿ ಕೂತಿರುತ್ತಾನೆ. ಚಿಮುಟದಲ್ಲಿ ಎಳ್ಳುಕಾಳಿನಷ್ಟು ಹರಳು ಹಿಡಿದು ಚಿನ್ನದ ಗುಣಿಗೆ ಇಳಿಸುತ್ತಾನೆ, ಬೆರಳ ತುದಿಯಲ್ಲಿ ಒತ್ತುತ್ತಾನೆ, ಸುತ್ತಲಿನ ಚಿನ್ನದ ಸಣ್ಣ ಹಲ್ಲುಗಳನ್ನು ಒಂದೊಂದಾಗಿ ಅದರ ಮೇಲೆ ಬಾಗಿಸುತ್ತಾನೆ. ಉಗುರಿನಿಂದ ಮೀಟಿ ನೋಡುತ್ತಾನೆ, ಅಲುಗಬಾರದು. ಇದಕ್ಕೆ ಅವರು 'ಸೆಟ್ಟಿಂಗ್' ಎನ್ನುತ್ತಾರೆ. ಇದು ಕೂರಿಸುವ ಸೆಟ್. ಮುಂದಿನ ಗಲ್ಲೆಯಲ್ಲಿ ಒಂದು ಪದ, ಹಿಂದಿನ ಕೋಣೆಯಲ್ಲಿ ಇನ್ನೊಂದು. ನಡುವೆ ಒಂದು ಪರದೆ.

ವಾಲಿಬಾಲ್ ಅಂಗಳದಲ್ಲೂ ಹೀಗೇ. 25 ಪಾಯಿಂಟಿನ ಆಟದ ಭಾಗಕ್ಕೆ ಸೆಟ್ ಎನ್ನುತ್ತಾರೆ, ಅದು ಗುಂಪಿನ ಸೆಟ್. ಹೊಡೆಯುವವನಿಗೆ ಅನುಕೂಲವಾಗಿ ಚೆಂಡನ್ನು ಬಲೆಯ ಪಕ್ಕದಲ್ಲಿ ಎತ್ತಿಕೊಡುವವನು ಸೆಟ್ಟರ್. ಅವನು ಚೆಂಡನ್ನು ಗಾಳಿಯಲ್ಲಿ, ಸರಿಯಾದ ಜಾಗದಲ್ಲಿ 'ಕೂರಿಸಿ' ಕೊಡುತ್ತಾನೆ.

ಸಿನಿಮಾ ಸೆಟ್? ನೋಡಿದರೆ ವಸ್ತುಗಳ ಜೊತೆಯಂತೆ ಕಾಣುತ್ತದೆ, ಆದರೆ ಅದು ರಂಗದ ಮೇಲೆ ದೃಶ್ಯವನ್ನು ನೆಲೆಗೊಳಿಸುವ ಕೆಲಸದಿಂದ ಬಂದದ್ದು. ಕ್ರಿಯಾಪದದ ಮಗು.

ಇವೆರಡರ ಲೆಕ್ಕಕ್ಕೂ ಸೇರದ ಇನ್ನೊಂದಿದೆ: ಕಾಲೇಜು ಅಧ್ಯಾಪಕರಾಗಬೇಕೆಂದಿರುವವರು ಬರೆಯುವ ಕೆ-ಸೆಟ್ ಪರೀಕ್ಷೆ. ಅದು ಮೊದಲಕ್ಷರಗಳನ್ನು ಕೂಡಿಸಿದ ಹೆಸರು, ನಂಟು ಏನೂ ಇಲ್ಲ.

ತಪ್ಪು ಕಲ್ಪನೆ: ಸೆಟ್ ಎಂದರೆ ಒಂದೇ ಬಗೆಯ ವಸ್ತುಗಳು, ಇಂತಿಷ್ಟೇ ಸಂಖ್ಯೆಯಲ್ಲಿ

ಸೆಟ್ ದೋಸೆಯಿಂದ ಈ ಭಾವನೆ ಬಂದಿರಬೇಕು. ತಟ್ಟೆಗೆ ಎರಡೋ ಮೂರೋ ಮೆತ್ತನೆಯ, ದಪ್ಪನೆಯ ದೋಸೆ, ಒಂದರಂತೆ ಇನ್ನೊಂದು, ಜೊತೆಗೆ ಸಾಗು. ಬಿಡಿಯಾಗಿ ಮಾರದೆ ಜೊತೆಯಾಗಿ ಕೊಡುವುದರಿಂದಲೇ ಆ ಹೆಸರು. ಹಿಟ್ಟು ಕಾವಲಿಯ ಮೇಲೆ 'ಸೆಟ್' ಆಗುವುದರಿಂದ ಬಂತು ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಹಾಗಾದರೆ ಎಲ್ಲ ದೋಸೆಯೂ ಸೆಟ್ ದೋಸೆಯೇ ಆಗಬೇಕಿತ್ತು.

ಪಂಪ್‌ಸೆಟ್ ನೋಡಿ. ವಿದ್ಯುತ್ ಮೋಟಾರು ಒಂದು, ನೀರೆತ್ತುವ ಪಂಪು ಇನ್ನೊಂದು. ಒಂದರ ಹಾಗೆ ಮತ್ತೊಂದಿಲ್ಲ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು, ಅದಕ್ಕೇ ಅದು ಸೆಟ್. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂಬ ಸರ್ಕಾರಿ ಮಾತಿನಿಂದಾಗಿ ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಈ ಪದ ಮನೆಮಾತು. ರೇಡಿಯೋ ಸೆಟ್ಟಿನ ಕಥೆಯೂ ಇದೇ. ಆರಂಭದ ದಿನಗಳಲ್ಲಿ ಅಲೆ ಹಿಡಿಯುವ ಪೆಟ್ಟಿಗೆ, ಬ್ಯಾಟರಿಗಳು, ಕಿವಿಗೆ ಹಚ್ಚುವ ಸಾಧನ ಅಥವಾ ಧ್ವನಿವರ್ಧಕ ಎಲ್ಲ ಬೇರೆಬೇರೆ ಇದ್ದವು. ಜೋಡಿಸಿದರೆ ವೈರ್‌ಲೆಸ್ ಸೆಟ್. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿ ಆರಂಭಿಸಿದ್ದು ಇಂಥ ಸೆಟ್ಟುಗಳ ಕಾಲದಲ್ಲಿ. ಮುಂದೆ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಅಡಗಿದರೂ ಹೆಸರು ಉಳಿಯಿತು, ಅಲ್ಲಿಂದ ಟಿವಿ ಸೆಟ್ಟಿಗೂ ಅಂಟಿಕೊಂಡಿತು.

ಸಂಖ್ಯೆಯ ಮಾತಿಗೆ ಟೆನಿಸ್ ಸಾಕ್ಷಿ. ಆರು ಗೇಮ್ ಗೆದ್ದರೆ ಒಂದು ಸೆಟ್ ಎನ್ನುವುದು ಅರ್ಧ ಸತ್ಯ, ಟೈಬ್ರೇಕ್ ಇಲ್ಲದ ಕಡೆ ಎರಡು ಗೇಮಿನ ಅಂತರವೂ ಬೇಕು. 2010ರ ವಿಂಬಲ್ಡನ್‌ನಲ್ಲಿ ಅಮೆರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸಿನ ನಿಕೋಲಾ ಮಹೂ ಆಡಿದ ಐದನೇ ಸೆಟ್ 70-68ಕ್ಕೆ ಮುಗಿಯಿತು. ಪಂದ್ಯ ಮೂರು ದಿನಗಳ ಮೇಲೆ ಹರಡಿ 11 ಗಂಟೆ 5 ನಿಮಿಷ ನಡೆಯಿತು. ಆ ಸೆಟ್ ಒಂದೇ ಎಂಟು ಗಂಟೆಗೂ ಮೀರಿತ್ತು. 2022ರಿಂದ ನಾಲ್ಕೂ ದೊಡ್ಡ ಟೂರ್ನಿಗಳಲ್ಲಿ ಕೊನೆಯ ಸೆಟ್ 6-6 ಆದರೆ ಟೈಬ್ರೇಕ್ ಆಡಿಸುವುದರಿಂದ ಅಂಥ ಸೆಟ್ ಅಲ್ಲಿ ಇನ್ನು ಕಾಣಸಿಗದು.

ಗಣಿತದಲ್ಲಿ ಈ ಪದ ಇನ್ನೂ ಒಂದು ಹೆಜ್ಜೆ ಆಚೆ ಹೋಗಿದೆ. ಜರ್ಮನಿಯ ಗಣಿತಜ್ಞ ಗೇಯೋರ್ಗ್ ಕ್ಯಾಂಟರ್ 1870ರ ದಶಕದಲ್ಲಿ ಕಟ್ಟತೊಡಗಿದ ಸಿದ್ಧಾಂತದಲ್ಲಿ ಅವರ ಪದ 'ಮೆಂಗ', ಇಂಗ್ಲಿಷಿನಲ್ಲಿ ಸೆಟ್, ನಮ್ಮ ಪಠ್ಯಪುಸ್ತಕಗಳಲ್ಲಿ 'ಗಣ'. ಗಣದಲ್ಲಿ ಯಾವ ಯಾವ ವಸ್ತುಗಳಿವೆ ಎಂಬುದಷ್ಟೇ ಮುಖ್ಯ. ಯಾವುದು ಮೊದಲು, ಯಾವುದು ಎಷ್ಟು ಸಲ ಬಂತು ಎಂಬುದಕ್ಕೆ ಬೆಲೆಯಿಲ್ಲ. 'ಕನಕ' ಎಂಬ ಪದದಲ್ಲಿ ಮೂರು ಅಕ್ಷರ ಇವೆ, ಆದರೆ ಆ ಅಕ್ಷರಗಳ ಗಣದಲ್ಲಿ ಸದಸ್ಯರು ಎರಡೇ: ಕ ಮತ್ತು ನ. ಒಳಗೆ ಏನೂ ಇಲ್ಲದ ಶೂನ್ಯ ಗಣವೂ ಗಣವೇ. ಹಾರ, ಓಲೆ, ಉಂಗುರ ಯಾವುದೂ ಇಲ್ಲದ ಖಾಲಿ ಪೆಟ್ಟಿಗೆಯನ್ನು ಒಡವೆ ಅಂಗಡಿಯಲ್ಲಿ ಯಾರೂ ಸೆಟ್ ಎನ್ನರು. ಮಕ್ಕಳಿಗೆ ಈ ಪಾಠ ಕಠಿಣವಾಗುವುದು ಇಲ್ಲಿಯೇ. ಅಂಗಡಿಯ ಸೆಟ್ಟನ್ನು ತಲೆಯಲ್ಲಿ ಇಟ್ಟುಕೊಂಡು ಅವರು ಗಣವನ್ನು ಓದುತ್ತಾರೆ. 'ಗಣ' ಎಂಬ ಬೇರೆ ಪದ ಇರುವುದು ಈ ವಿಷಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಭಾಗ್ಯ ಎಂದೇ ನಾನು ತಿಳಿದಿದ್ದೇನೆ.

ತಪ್ಪು ಕಲ್ಪನೆ: ಸಿಮೆಂಟ್ ಸೆಟ್ ಆಗುವುದೆಂದರೆ ಒಣಗುವುದು

ಮಾತಿನ ತಪ್ಪು ಮನೆಗೇ ಪೆಟ್ಟು ಕೊಡುವುದು ಇಲ್ಲಿ. ನಮ್ಮ ಮನೆಗೆ ತಾರಸಿ ಹಾಕಿದ ಮರುದಿನ ಬೆಳಿಗ್ಗೆ ಅಮ್ಮ ಮೇಲೆ ಹೋಗಿ ನೋಡಿದರೆ ಮೇಸ್ತ್ರಿ ಗಾರೆಯಿಂದ ಗೇಣೆತ್ತರವೂ ಇಲ್ಲದ ಪುಟ್ಟ ಬದು ಕಟ್ಟುತ್ತಿದ್ದ. ತಾರಸಿಯ ತುಂಬ ಗದ್ದೆಯ ಮಡಿಗಳ ಹಾಗೆ ಚೌಕಗಳು. ಒಂದೊಂದಕ್ಕೂ ಪೈಪಿನಿಂದ ನೀರು ಬಿಡುತ್ತಿದ್ದ. "ನಿನ್ನೆ ಸೆಟ್ ಆಗ್ಲಿ ಅಂತ ಯಾರನ್ನೂ ಹತ್ತೋಕೆ ಬಿಡ್ಲಿಲ್ಲ, ಇವತ್ತು ನೀವೇ ನೀರು ತುಂಬಿಸ್ತಿದ್ದೀರಲ್ಲಪ್ಪ" ಎಂದರು ಅಮ್ಮ. "ಅಮ್ಮಾವ್ರೇ, ಸೆಟ್ ಆಗಿರೋದಕ್ಕೇ ನೀರು. ಒಣಗಿದ್ರೆ ಸತ್ತೋಗುತ್ತೆ ಅದು" ಎಂದ. ಹೆಬ್ಬೆರಳಿನ ಉಗುರನ್ನು ಕಾಂಕ್ರೀಟಿಗೆ ಒತ್ತಿ ತೋರಿಸಿದ, ಗುರುತು ಬೀಳಲಿಲ್ಲ.

ಅವನ ಮಾತು ಅಕ್ಷರಶಃ ಸರಿ. ಸಿಮೆಂಟ್ ಗಟ್ಟಿಯಾಗುವುದು ನೀರು ಹೋಗುವುದರಿಂದಲ್ಲ, ನೀರು ಸೇರುವುದರಿಂದ. ಸಿಮೆಂಟಿನ ಕಣಗಳು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಹೊಸ ಹರಳುಗಳನ್ನೂ ಅಂಟನ್ನೂ ಕಟ್ಟುತ್ತವೆ. ಮರಳು, ಜಲ್ಲಿ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಅದು ಹೊಳೆಯೊಳಗಿನ ಸೇತುವೆಯ ಕಂಬದಲ್ಲೂ, ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷದ ಒಳಗೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಸೆಟ್ ಆಗಿ ಮುಗಿಯಬೇಕು. ಮೊದಲನೆಯದು ಕಲಸಿ, ಹೊತ್ತು, ಸುರಿದು, ತಟ್ಟಲು ಬೇಕಾದ ಸಮಯ. ಎರಡನೆಯದು ಆಕಾರ ನಿಲ್ಲುವ ಗಡುವು.

ಆಕಾರ ನಿಂತ ಮೇಲೆ ಬಲ ಬರುವುದು ಬೇರೆ ಹಂತ, ಅದು ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತದೆ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಬೂದಿ ಮೊದಲಾದವು ಬೆರೆತ ಸಿಮೆಂಟಾದರೆ ಅಥವಾ ಬಿಸಿಲು, ಒಣಹವೆ ಇದ್ದರೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕು. 'ಸೆಟ್ ಆಯ್ತಲ್ಲ, ಇನ್ನು ಒಣಗಲಿ' ಎಂದು ಎರಡೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸಿದ ಮನೆಗಳಲ್ಲಿ ತಾರಸಿ ಸೀಳುಬಿಟ್ಟು ಮಳೆಗಾಲದಲ್ಲಿ ಸೋರುವುದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಪದವನ್ನು ಸರಿಯಾಗಿ ತಿಳಿದಿದ್ದರೆ ಆ ಮನೆಯವರ ಹಣ ಉಳಿಯುತ್ತಿತ್ತು.

ಈ ಸೆಟ್ಟಿಗೆ ಅಡುಗೆಮನೆಯಲ್ಲಿ ಒಳ್ಳೆಯ ಕನ್ನಡವಿದೆ: ಹೆಪ್ಪುಗಟ್ಟುವುದು. ಹೆಪ್ಪು ಹಾಕಿದ ಹಾಲು ಮೊಸರಾಗುವಾಗ ಒಣಗುವುದಿಲ್ಲ, ಇದ್ದ ನೀರನ್ನು ತನ್ನೊಳಗೇ ಹಿಡಿದುಕೊಂಡು ನಿಲ್ಲುತ್ತದೆ. ರಾತ್ರಿ ಪಾತ್ರೆ ಅಲುಗಿಸಬೇಡ ಎಂದು ಅಮ್ಮ ಹೇಳುವುದಕ್ಕೂ ತಾರಸಿ ಹತ್ತಬೇಡಿ ಎಂದು ಮೇಸ್ತ್ರಿ ಹೇಳುವುದಕ್ಕೂ ಕಾರಣ ಒಂದೇ: ಕಟ್ಟಿಕೊಳ್ಳುತ್ತಿರುವುದನ್ನು ಕದಡಬಾರದು.

ತಪ್ಪು ಕಲ್ಪನೆ: ಕೋರ್ಟು ಆದೇಶವನ್ನು 'ಸೆಟ್ ಅಸೈಡ್' ಮಾಡಿತೆಂದರೆ ಬದಿಗಿಟ್ಟಿತು

ಜಮೀನಿನ ವ್ಯಾಜ್ಯವಿದ್ದ ಹಿರಿಯರೊಬ್ಬರು ಒಮ್ಮೆ ತೀರ್ಪಿನ ಪ್ರತಿ ಮತ್ತು ಅದರ ಕನ್ನಡ ಅನುವಾದ ಹಿಡಿದು ನಮ್ಮ ಮನೆಗೆ ಬಂದರು. ಅನುವಾದದಲ್ಲಿ 'ಕೆಳ ನ್ಯಾಯಾಲಯದ ಆದೇಶವನ್ನು ಬದಿಗಿಡಲಾಗಿದೆ' ಎಂದಿತ್ತು. "ಬದಿಗಿಟ್ಟವ್ರೆ ಅಂದ್ರೆ ಮುಂದೆ ಯಾವತ್ತಾದ್ರೂ ತಿರ್ಗಾ ಎತ್ಕೋತಾರೇನವ್ವಾ?" ಎಂದು ಕೇಳಿದರು. ಅವರ ವಿರುದ್ಧ ಇದ್ದ ಆದೇಶ ಸತ್ತುಹೋಗಿತ್ತು. ಅದು ಅವರಿಗೆ ತಿಳಿಯದೆ ತಿಂಗಳುಗಟ್ಟಲೆ ಆತಂಕದಲ್ಲಿ ಕಳೆದಿದ್ದರು.

ಕಾನೂನಿನ ಭಾಷೆಯಲ್ಲಿ ಆ ಮಾತಿಗೆ ರದ್ದುಪಡಿಸು ಎಂದೇ ಅರ್ಥ. ತಡೆಯಾಜ್ಞೆ ಕೊಟ್ಟರೆ ಆದೇಶ ಸದ್ಯಕ್ಕೆ ನಿಲ್ಲುತ್ತದೆ; ರದ್ದಾದರೆ ಇಲ್ಲವಾಗುತ್ತದೆ. ಇವೆರಡರ ನಡುವೆ ಒಬ್ಬ ರೈತನ ಬದುಕೇ ಇರುತ್ತದೆ. ಅದೇ ನುಡಿಗಟ್ಟು ನ್ಯಾಯಾಲಯದ ಹೊರಗೆ ಬಂದರೆ ಅರ್ಥ ತಿರುಗುತ್ತದೆ. ಶಾಲೆಗೆಂದು ಎರಡು ಎಕರೆ ಸೆಟ್ ಅಸೈಡ್ ಮಾಡಿದ್ದಾರೆ ಎಂದರೆ ಮೀಸಲಿಟ್ಟಿದ್ದಾರೆ, ಕಾಪಾಡಿ ಇಟ್ಟಿದ್ದಾರೆ. ಒಂದು ಕಡೆ ಇಲ್ಲವಾಗಿಸುವುದು, ಇನ್ನೊಂದು ಕಡೆ ಉಳಿಸಿಕೊಳ್ಳುವುದು. ಪದಕ್ಕೆ ಪದ ಇಟ್ಟು ಅನುವಾದಿಸುವವರು ಇಲ್ಲಿ ಎಚ್ಚರ ತಪ್ಪಬಾರದು, ಯಾಕೆಂದರೆ ಓದುವವರಿಗೆ ಮೂಲ ನೋಡಿ ಸರಿಪಡಿಸಿಕೊಳ್ಳುವ ಅನುಕೂಲ ಇರುವುದಿಲ್ಲ.

ಬ್ಯಾಂಕಿನ ಕಾಗದಗಳಲ್ಲಿ ಇಂಥವು ಇನ್ನೆರಡು ಇವೆ. ಠೇವಣಿಯನ್ನು ಸಾಲದ ಎದುರು 'ಸೆಟ್ ಆಫ್' ಮಾಡಲಾಗಿದೆ ಎಂದರೆ ನಮ್ಮ ಜನ ಹೇಳುವ ಹಾಗೆ ಸಾಲಕ್ಕೆ ಮುರಿದುಕೊಂಡರು. ಹರಾಜಿನ ಜಾಹೀರಾತಿನಲ್ಲಿ ಬರುವ 'ಅಪ್‌ಸೆಟ್ ಪ್ರೈಸ್' ಯಾರ ಮನಸ್ಸನ್ನೂ ಕೆಡಿಸಿದ ಬೆಲೆಯಲ್ಲ. ಅಪ್‌ಸೆಟ್ ಎಂದರೆ ಮೊದಲು ಎತ್ತಿ ನಿಲ್ಲಿಸು ಎಂದೇ ಅರ್ಥವಿತ್ತು. ಬುಡಮೇಲು ಮಾಡು, ಮನ ಕಲಕು ಎಂಬ ಅರ್ಥಗಳು ಆಮೇಲೆ ಬಂದವು. ಹಳೆಯ ಅರ್ಥ ಹರಾಜುಕಟ್ಟೆಯಲ್ಲಿ ಉಳಿದುಕೊಂಡಿದೆ: ಸವಾಲು ಶುರುವಾಗಲು ನಿಲ್ಲಿಸಿದ ಕನಿಷ್ಠ ಬೆಲೆ ಅದು.

ತಪ್ಪು ಕಲ್ಪನೆ: ಭೂತಕಾಲಕ್ಕೆ 'ಸೆಟೆಡ್'

ಇಲ್ಲ. ಇಂದು, ನಿನ್ನೆ, ಎರಡಕ್ಕೂ ಸೆಟ್. ಹಳೆಯ ಇಂಗ್ಲಿಷಿನಲ್ಲಿ ಭೂತಕಾಲಕ್ಕೆ 'ಸೆಟ್ಟೆ' ಎಂಬ ಬೇರೆ ರೂಪವಿತ್ತು. ಕೊನೆಯ ಸ್ವರಗಳು ಸವೆದು ಎರಡೂ ಒಂದಾದವು. ಹಾಗಾಗಿ 'ಅವರು ಬೆಲೆ ಕಟ್ಟುತ್ತಾರೆ' ಎನ್ನುವುದಕ್ಕೂ 'ಕಟ್ಟಿದರು' ಎನ್ನುವುದಕ್ಕೂ ಇಂಗ್ಲಿಷ್ ವಾಕ್ಯ ಒಂದೇ. ಹಿಂದುಮುಂದಿನ ಸಾಲು ಓದಿಯೇ ತಿಳಿಯಬೇಕು.

ತಪ್ಪು ಕಲ್ಪನೆ: 'ಸೆಟ್ ಆಗಲಿಲ್ಲ', 'ಸೆಟ್ಟೇರಿತು' ಇವೆಲ್ಲ ಕೆಟ್ಟ ಇಂಗ್ಲಿಷ್

ಇವು ಇಂಗ್ಲಿಷೇ ಅಲ್ಲ, ಕನ್ನಡ. "ಆ ಊರಿನ ನೀರು ನನಗೆ ಸೆಟ್ ಆಗ್ಲಿಲ್ಲ" ಎಂಬ ಮಾತನ್ನು ಲಂಡನ್ನಿನವರ ಮುಂದೆ ಹಾಗೇ ಇಂಗ್ಲಿಷಿನಲ್ಲಿ ಆಡಿದರೆ ಅರ್ಥವಾಗದು. ಅಲ್ಲಿ ಸೆಟ್ಟಿಗೆ ಒಗ್ಗು, ಹೊಂದು ಎಂಬ ಅರ್ಥ ಆ ಬಗೆಯಲ್ಲಿ ಬರುವುದಿಲ್ಲ. ನಾವು ಪದವನ್ನು ಎರವಲು ತಂದು, ಅದಕ್ಕೆ ಆಗು, ಮಾಡು ಎಂಬ ಕನ್ನಡದ ಕೈಕಾಲು ಕೊಟ್ಟು ಬೇರೆಯೇ ಕೆಲಸಕ್ಕೆ ಹಚ್ಚಿದ್ದೇವೆ. ಇಂಗ್ಲಿಷಿನಲ್ಲಿ ತಾನಾಗಿ ಆದದ್ದಕ್ಕೂ ಮಾಡಿದ್ದಕ್ಕೂ ಒಂದೇ ಸೆಟ್ ಸಾಕು. ನಮ್ಮಲ್ಲಿ 'ಸೆಟ್ ಆಯ್ತು' ಬೇರೆ, 'ಸೆಟ್ ಮಾಡಿದೆ' ಬೇರೆ. ಕೂರು, ಕೂರಿಸು ಎಂಬ ಭೇದವನ್ನು ಅವರ ಪದ ಕಳೆದುಕೊಂಡಿದ್ದ ಕಡೆಯೂ ನಮ್ಮ ನುಡಿ ಅದನ್ನು ಮತ್ತೆ ತುಂಬಿಕೊಟ್ಟಿದೆ. 'ಅವರದ್ದೇ ಒಂದು ಸೆಟ್ಟು' ಎನ್ನುವಾಗ ಮಾತ್ರ ನಾವು ಗೊತ್ತಿಲ್ಲದೆಯೇ ಆ ಹಳೆಯ ಸೆಕ್ಟದ ಅರ್ಥಕ್ಕೆ ತೀರ ಹತ್ತಿರ ಇರುತ್ತೇವೆ.

ನನಗೆ ಎಲ್ಲಕ್ಕಿಂತ ಪ್ರೀತಿ 'ಸೆಟ್ಟೇರು' ಎಂಬ ಪದದ ಮೇಲೆ. ಸೆಟ್ಟು ಮತ್ತು ಏರು ಕೂಡಿ, ಉಕಾರ ಲೋಪವಾಗಿ ಆದದ್ದು. ಊರೂರು, ಮಾತೆಲ್ಲ ಎಂಬಲ್ಲಿ ನಡೆಯುವ ಅದೇ ಲೋಪಸಂಧಿ. ಯಾವ ಪಂಡಿತ ಸಮಿತಿಯೂ ಕೂತು ಟಂಕಿಸಿದ್ದಲ್ಲ, ಸಿನಿಮಾ ಸುದ್ದಿ ಬರೆಯುವವರ ಲೇಖನಿಯಲ್ಲಿ ತಾನಾಗಿ ಕೂಡಿಬಂದದ್ದು. ಮದುಮಗ ಹಸೆ ಏರಿದ ಹಾಗೆ, ದೇವರು ತೇರು ಏರಿದ ಹಾಗೆ ಚಿತ್ರ ಸೆಟ್ಟು ಏರುತ್ತದೆ. ಮುಹೂರ್ತದ ಪೂಜೆ, ಕ್ಯಾಮೆರಾಗೆ ಹಚ್ಚಿದ ಅರಿಶಿನ ಕುಂಕುಮ, ಒಡೆದ ತೆಂಗಿನಕಾಯಿ ಎಲ್ಲ ಆ ಒಂದು ಕ್ರಿಯಾಪದದಲ್ಲಿ ಇದೆ.

ಕೆಲವು ವರ್ಷಗಳ ಹಿಂದೆ ಚಿತ್ರರಂಗದ ಬಗೆಗಿನ ಒಂದು ಕನ್ನಡ ಲೇಖನವನ್ನು ಇಂಗ್ಲಿಷಿಗೆ ಮಾಡುತ್ತಿದ್ದೆ. ಮೊದಲ ವಾಕ್ಯದಲ್ಲೇ ಈ ಪದ. ಸೆಟ್ ಇಂಗ್ಲಿಷಿನದೇ ಮಗು, ಮನೆಗೆ ಕಳಿಸುವುದು ಸುಲಭ ಎಂದುಕೊಂಡೆ. ಸೆಟ್ ಹತ್ತಿತು ಎಂದು ಬರೆದು ನೋಡಿದೆ, ಯಾರೋ ಏಣಿ ಹಾಕಿ ಹತ್ತಿದಂತೆ ಕಂಡಿತು. ಸೆಟ್‌ಗೆ ಹೋಯಿತು ಎಂದೆ, ಮುಹೂರ್ತದ ಘನತೆ ಹೋಯಿತು. ಅರ್ಧ ಗಂಟೆ ಕೂತು ಕೊನೆಗೆ 'ಚಿತ್ರೀಕರಣ ಆರಂಭವಾಯಿತು' ಎಂಬರ್ಥದ ಸಾದಾ ವಾಕ್ಯ ಬರೆದು ಮುಂದೆ ಹೋದೆ. ಆ ಇಂಗ್ಲಿಷ್ ವಾಕ್ಯದಲ್ಲಿ ಸೆಟ್ ಎಂಬ ಪದ ಇರಲಿಲ್ಲ.